ಜಳಕವಾದ ಮೇಲೆ ಏರಿದ ನೀರು

"ಮಂದಿ ಜಳಕ ಮಾಡುವಾಗ ಬಚ್ಚಲ ಬಾಗಿಲ ಮುಂದ ಕುಂತು ತಂಬಗಿ ಎಣಸೋದೂ ಒಂದು ನೌಕರಿ ಏನು?" ಎಂದು ನನ್ನ ಗಂಡ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು.

"ಅದಕ್ಕ ಸರ್ವೇ ಅಂತಾರ" ಎಂದು ಮುಖ ಹೊಡೆದಂತೆ ಹೇಳಿ, ಬ್ಯಾಗನ್ನು ಹೆಗಲಿಗೇರಿಸಿ ಹೊರಟೆ. ಬಸ್ಸಿನಲ್ಲಿ ಕುಳಿತ ಮೇಲೆ ಒಬ್ಬಳೇ ನಕ್ಕೆ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಕೆಲಸ ಇಷ್ಟೇ. ಒಂದು ಮನೆಯಲ್ಲಿ ದಿನಾ ಜಳಕಕ್ಕೆ ಎಷ್ಟು ನೀರು ಹೋಗುತ್ತದೆ ಎಂದು ಅಳೆಯಬೇಕು. ಜಳಕದ ನೀರು ಗೊತ್ತಾದರೆ ಅಡುಗೆ, ಬಟ್ಟೆ, ಪಾತ್ರೆ ಎಲ್ಲವನ್ನೂ ಅದರಿಂದಲೇ ಅಂದಾಜು ಮಾಡಬಹುದೆಂದು ನಮ್ಮ ಫಾರ್ಮು ಬರೆದವರ ನಂಬಿಕೆ. ಮೂರು ಕಡೆ, ಒಂದೊಂದು ಕಡೆ ಮೂವತ್ತು ಮನೆ: ಬೀದರಿನಲ್ಲಿ ನಾನೇ ವಾಸವಿರುವ ಮೈಲೂರು, ಭಾಲ್ಕಿ ತಾಲೂಕಿನ ಸಾಯಗಾಂವ, ಆಮೇಲೆ ಔರಾದ ಊರಂಚಿನ ಒಂದು ಓಣಿ. ಹೊಸದಾಗಿ ಬರುವ ನೀರನ್ನು ಯಾರಿಗೆ ದಿನಾ ಬಿಡಬೇಕು, ಯಾರಿಗೆ ಈಗಿನ ಹಾಗೆ ನಾಲ್ಕು ದಿನಕ್ಕೊಮ್ಮೆ ಬಿಟ್ಟರೆ ಸಾಕು ಎಂದು ಕಚೇರಿಯ ಸಾಹೇಬರು ಈ ಅಂಕಿ ನೋಡಿ ತೀರ್ಮಾನಿಸುವವರಿದ್ದರು.

ನನ್ನ ಜೊತೆಗೆ ಚಾಚಾ. ಬೀದರಿನ ಹಳೇ ಊರಿನವರು, ನಲ್ಲಿ ಜೋಡಿಸುತ್ತಲೇ ಗಡ್ಡ ಬೆಳ್ಳಗಾದ ಮಿಸ್ತ್ರಿ. ಪೈಪಿಗೆ ಕಿವಿಯಿಟ್ಟು ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲವರು. ಫಾರ್ಮು ಓದಿದವರೇ ಅವರು ಕೇಳಿದ ಮೊದಲ ಪ್ರಶ್ನೆ, "ಇದರಾಗ ವಜೂ ನೀರಿಗಿ ಜಾಗಾನೇ ಇಲ್ಲಲ್ಲ ಮೇಡಂ? ನಾವು ನಮಾಜಿಗಿ ಮೊದಲು ದಿನಕ್ಕ ಐದು ಸಲ ಕೈಕಾಲು ತೊಳಿತೀವಿ, ಅದೇನು ಹವಾದಾಗ ತೊಳಿತೀವೇನು?" ಅಂಚಿನಲ್ಲಿ ಒಂದು ಕಾಲಂ ಗೀಚಿಕೊಂಡೆ. ಫಾರ್ಮಿಗೆ ಬಿದ್ದ ಮೊದಲ ತೇಪೆ ಅದು.

ಮೈಲೂರಿನಲ್ಲಿ ತೊಂದರೆಯಾಗಲಿಲ್ಲ. ಅಲ್ಲಿ ಶವರ್ ಇದೆ. ಶವರಿನ ಕೆಳಗೆ ಹದಿನೈದು ಲೀಟರ್ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಗಡಿಯಾರ ನೋಡಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಒಬ್ಬ ನಿವೃತ್ತ ಅಧಿಕಾರಿಯ ಮನೆಯಲ್ಲಿ ಬಕೆಟ್ ನೂರು ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ ಒಂಬತ್ತು ಲೀಟರ್. "ಎಷ್ಟೊತ್ತು ಜಳಕ ಮಾಡ್ತೀರಿ ಸರ್?" ಎಂದು ಕೇಳಿದೆ.

"ಐದು ಮಿನಿಟ್," ಎಂದರು ಅವರು, ಕನ್ನಡಕ ಒರೆಸುತ್ತ.

ಅಡುಗೆಮನೆಯಿಂದ ಅವರ ಹೆಂಡತಿ ಹೊರಬಂದರು. ಎರಡೂ ಕೈಗೆ ಜೋಳದ ಹಿಟ್ಟು. "ಐದು ಮಿನಿಟ್? ಇವರು ಒಳಗ ಹೋಗಿ ಹೊರಗ ಬರೋದ್ರಾಗ ನಾ ಹನ್ನೊಂದು ರೊಟ್ಟಿ ಬಡಿತೀನ್ರಿ. ಬರ್ಕೋರಿ ನೀವು, ಹನ್ನೊಂದು."

ಮರುದಿನ ಗಡಿಯಾರ ಹಿಡಿದು ನೋಡಿದೆ. ಹನ್ನೊಂದೇ ನಿಮಿಷ! ಹತ್ತಿರ ಹತ್ತಿರ ನೂರು ಲೀಟರ್. ಅಂದಿನಿಂದ ಮೈಲೂರಿನಲ್ಲಿ ಗಂಡಸರ ಮಾತಿಗಿಂತ ರೊಟ್ಟಿಯ ಲೆಕ್ಕವನ್ನೇ ಹೆಚ್ಚು ನಂಬಿದೆ.

ಸಾಯಗಾಂವ ನನ್ನ ತವರು. ಅಲ್ಲಿ ಮನೆಮನೆಗೆ ಮೋಟಾರಿನ ನೀರು ಬಂದು ಬಕೆಟಿನ ಜಳಕ. "ಎಷ್ಟು ಬಕೀಟು?" ಎಂದರೆ ಎಲ್ಲರದೂ ಒಂದೇ ಉತ್ತರ: "ಎರಡು." ಆದರೆ ಒಂದು ಬಕೆಟ್ ಇನ್ನೊಂದರಂತಿರಲಿಲ್ಲ, ತುಂಬಿಸುವ ಮಟ್ಟವೂ ಬೇರೆ ಬೇರೆ. ಆಗ ಚಾಚಾ ಹೇಳಿದ ಉಪಾಯ ಕಿವಿಯದು. ಮೊದಲು ಆ ಮನೆಯ ತಂಬಿಗೆಯಲ್ಲಿ ಎಷ್ಟು ಹಿಡಿಯುತ್ತದೆ ಎಂದು ಅಳೆಯುವುದು, ಆಮೇಲೆ ಹೊರಗೆ ಕುಳಿತು ನೀರು ಬೀಳುವ ಸದ್ದು ಎಣಿಸುವುದು. ಮೈಮೇಲೆ ಬಿದ್ದದ್ದು ಧಡ್ ಎನ್ನುತ್ತದೆ, ಕೈಕಾಲಿಗೆ ಹಾಕಿಕೊಂಡದ್ದು ಛಳ್ ಎನ್ನುತ್ತದೆ.

ನನ್ನ ಸೋದರಮಾವ ಒಳಗೆ ಹೋದವರು ಹತ್ತು ನಿಮಿಷವಾದರೂ ಒಂದು ತಂಬಿಗೆ ಹಾಕಿಕೊಳ್ಳಲಿಲ್ಲ. "ಮಾವಾ, ಏನಾಯ್ತ್ರಿ?" ಎಂದರೆ ಒಳಗಿನಿಂದ ಸಂಕಟದ ದನಿ: "ಹೊರಗ ಕುಂತು ಎಣಸ್ಲತ್ತೀಯಲ್ಲವ್ವಾ, ನೀರು ಮೈಮ್ಯಾಲ ಬೀಳವಲ್ದು!" ಕೊನೆಗೆ ನಾಚಿಕೆ ಮುಚ್ಚಿಕೊಳ್ಳಲು ಭಜನೆ ಶುರುಮಾಡಿದರು. ಚಾಚಾ ಕಟ್ಟೆಯ ಮೇಲೆ ತಾಳ ಹಾಕಿದರು. ಲೆಕ್ಕ ಕೆಟ್ಟು ಕೆರ ಹಿಡಿಯಿತು. ಆ ಮನೆಗೆ ಮೂರು ಸಲ ಹೋಗಬೇಕಾಯಿತು, ಹೋದಾಗಲೆಲ್ಲ ಉಪ್ಪಿಟ್ಟು ತಿನ್ನಬೇಕಾಯಿತು.

ಮೂರನೆಯದು ಔರಾದಿನ ಓಣಿ. ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ಒಂದು ತಾಸು ನೀರು. ಉಳಿದ ದಿನ ಓಣಿಯ ತುದಿಯ ಬೋರಿಂಗಿನಿಂದ ಹೊರಬೇಕು. ಪ್ರತಿ ಬಚ್ಚಲಿನ ಮೂಲೆಯಲ್ಲೂ ಮಣ್ಣಿನಲ್ಲಿ ಕೂಡಿಸಿದ ಹಂಡೆ, ಅದರ ಕೆಳಗೆ ಹೊರಗಿನಿಂದ ತೊಗರಿಕಟ್ಟಿಗೆಯ ಉರಿ. ಪಕ್ಕದ ಕಲ್ಲಿನ ಮೇಲೆ ಕುಳಿತು, ಹಂಡೆಯಲ್ಲೇ ತಂಬಿಗೆ ಅದ್ದಿ ಮೈಮೇಲೆ ಹಾಕಿಕೊಳ್ಳುವ ಪದ್ಧತಿ.

ಮೊದಲು ಹೋದದ್ದು ಆಯಿಯ ಮನೆಗೆ. ಅರವತ್ತು ದಾಟಿದ ಹೆಂಗಸು. ಓಣಿಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಮನೆಯಲ್ಲಿ ಐವರು: ಆಯಿ, ಕಮಲನಗರದ ಬಜಾರಿಗೆ ಸರಕಿನ ಆಟೋ ಓಡಿಸುವ ಮಗ, ಏಳು ತಿಂಗಳ ಬಸುರಿ ಸೊಸೆ, ಶಾಲೆಗೆ ಹೋಗುವ ಎರಡು ಮೊಮ್ಮಕ್ಕಳು. ಫಾರ್ಮು ಬಿಚ್ಚಿ ಮೊದಲ ಪ್ರಶ್ನೆ ಓದಿದೆ: "ಶವರ್ ಎಷ್ಟೊತ್ತು ಮಾಡ್ತೀರಿ ಆಯಿ?"

"ಅದೇನದವ್ವಾ?"

"ಮ್ಯಾಲಿಂದ ಮಳಿ ಹಂಗ ನೀರು ಬೀಳ್ತದ, ಕೆಳಗ ನಿಂತು ಜಳಕ ಮಾಡೋದು."

"ಅಗಬಾಯಿ! ಮಳ್ಯಾಗ ಆಡು ನಿಂದರ್ತಾವ. ಮನಷ್ಯಾರು ನಿಂದರ್ತಾರೇನು?" ಎಂದು ಆಯಿ ನಕ್ಕಾಗ ಸೊಸೆಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಆಯಿ ನನ್ನ ಕೈ ಹಿಡಿದು ಕೂರಿಸಿಕೊಂಡು ಬೇರೆಯೇ ಪ್ರಶ್ನೆ ಕೇಳಿದರು. "ಹೊಸಾ ನೀರು ದಿನಾ ಬರ್ತಾವೇನವ್ವಾ? ಕೂಸು ಬರೋದ್ರಾಗ ಬರ್ತಾವೇನು? ಇದು ಮೂರನೇದ್ದು, ಬಾಣಂತನ ಇಲ್ಲೇ. ಬಾಣಂತಿಗಿ ಎರೀಬೇಕಂದ್ರ ದಿನಾ ಹತ್ತು ಕೊಡ ಹೆಚ್ಚಿಗಿ ಬೇಕು. ನನ್ನ ನಡ ನೋಡಿದ್ರ ಹಿಂಗದ."

ನೋವು ಕಾಣದ ಹಾಗೆ ಸೆರಗು ಬಿಗಿದು ಕಟ್ಟಿಕೊಂಡಿದ್ದ ಅವರ ನಡುವನ್ನು ನೋಡಿ, "ಬರ್ತಾವ ಆಯಿ, ದಿನಾ ಬರ್ತಾವ" ಎಂದುಬಿಟ್ಟೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ಬಾಯಿ ಹೇಳಿತು, ಅಷ್ಟೇ.

ಇಲ್ಲಿ ನನ್ನ ಜಾಣತನ ಶುರುವಾಗುತ್ತದೆ. ಮೂವತ್ತೂ ಮನೆಯ ಜಳಕ ಬೆಳಗಿನ ಐದರಿಂದ ಎಂಟರೊಳಗೆ ಮುಗಿಯುತ್ತದೆ. ಎಲ್ಲ ಕಡೆ ಕುಳಿತು ಎಣಿಸಲು ನಮ್ಮಿಬ್ಬರಿಗೆ ನಾಲ್ಕೇ ಕಿವಿ. ಹಂಡೆ ಇದ್ದಲ್ಲಿ ಕಿವಿ ಏಕೆ ಬೇಕು ಎಂದುಕೊಂಡೆ. ಒಂದು ಬಿದಿರಿನ ಕಡ್ಡಿ ಸೀಳಿದೆ. ಹಂಡೆಯ ಹೊಟ್ಟೆ ಮೇಲೆ ಕೆಳಗೆ ಒಂದೇ ಅಗಲವಿರುವುದಿಲ್ಲವಾದ್ದರಿಂದ, ಖಾಲಿ ಹಂಡೆಗೆ ಅಳತೆಯ ಪಾತ್ರೆಯಿಂದ ಐದೈದು ಲೀಟರ್ ಹಾಕುತ್ತ, ಪ್ರತಿ ಸಲ ಕಡ್ಡಿ ಇಳಿಸಿ ನೀರು ಮುಟ್ಟಿದಲ್ಲಿ ಗುರುತು ಹಾಕಿದೆ. ಚಾಚಾ ಆ ಗುರುತುಗಳಿಗೆ ಕೆಂಪು ಬಣ್ಣ ಬಳಿದರು. ಮೂವತ್ತು ಹಂಡೆಗೆ ಮೂವತ್ತು ಕಡ್ಡಿ. ಮೊದಲನೆಯವರ ಜಳಕಕ್ಕೆ ಮುಂಚೆ ಒಮ್ಮೆ, ಕೊನೆಯವರದಾದ ಮೇಲೆ ಒಮ್ಮೆ ಕಡ್ಡಿ ಇಳಿಸಿ ನೋಡಿದರೆ, ನಡುವೆ ಇಳಿದಷ್ಟು ನೀರು ಮೈಮೇಲೆ ಹೋಗಿದೆ. ಇದಕ್ಕಿಂತ ಸರಳವಾದದ್ದು ಏನಿದೆ? ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಆಯಿಯ ಮನೆಯಲ್ಲಿ ಮೂರು ದಿನ ನೋಡಿದಾಗಲೂ ಇಳಿದದ್ದು ಮೂವತ್ತು ಲೀಟರ್. ಐದು ಜನ, ತಲೆಗೆ ಆರು ಲೀಟರ್. ಓಣಿಯ ಉಳಿದ ಮನೆಗಳಲ್ಲೂ ಆರು, ಏಳು, ಎಲ್ಲೋ ಒಂದೆರಡು ಕಡೆ ಎಂಟು.

"ಆರು ಲೀಟರ್‌ನಾಗ ಕೋಳಿ ಸೈತ ಮೈ ತೊಳಕೊಳ್ಳಂಗಿಲ್ಲ ಮೇಡಂ," ಎಂದರು ಚಾಚಾ.

"ಇವರು ನೀರಿನ ಬೆಲಿ ಗೊತ್ತಿದ್ದವರು ಚಾಚಾ. ನಮ್ಮಂಗಲ್ಲ," ಎಂದೆ. ಹಾಗೆನ್ನುವಾಗ ಕಣ್ಣಲ್ಲಿ ನೀರು ಬಂದಿತ್ತು ಎಂದರೆ ನೀವು ನಗುತ್ತೀರಿ. ಆದರೆ ಬಂದದ್ದು ನಿಜ. ಓಣಿಯ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿತ್ತು. ಆ ಪ್ರೀತಿಯೇ ಕಣ್ಣಿಗೆ ಪಟ್ಟಿ ಕಟ್ಟಿತು. ಬೇರೆ ಯಾರದಾದರೂ ಅಂಕಿ ಹೀಗೆ ಬಂದಿದ್ದರೆ ಹತ್ತು ಸಲ ಅನುಮಾನಪಡುತ್ತಿದ್ದೆ. ಇವರದು ಎಂದ ಕೂಡಲೇ ನಂಬಿದೆ. ವರದಿಯ ಕೊನೆಗೆ ಒಂದು ಸಾಲು ಬೇರೆ: 'ಈ ಓಣಿಯ ಜನ ನೀರನ್ನು ಪ್ರಸಾದದಂತೆ ಬಳಸುತ್ತಾರೆ, ನಗರದವರು ಇವರಿಂದ ಕಲಿಯಬೇಕು.'

ಸಾಹೇಬರಿಗೆ ವರದಿ ಹಿಡಿಸಿತು. ಅಚ್ಚುಕಟ್ಟಿನ ಮನುಷ್ಯ, ಕೆಟ್ಟವರಲ್ಲ. ಅಂಕಿ ಕಂಡರೆ ಅವರ ಮುಖ ಅರಳುತ್ತದೆ. "ಮೈಲೂರಿನ ಒಬ್ಬರ ನೀರಿನಾಗ ಇಲ್ಲಿ ಹದಿನಾರು ಮಂದಿ ಜಳಕ ಮಾಡ್ತಾರಲ್ರಿ!" ಎಂದು ಖುಷಿಪಟ್ಟು, ವಾರದೊಳಗೆ ಕರಡು ಪಟ್ಟಿ ಮಾಡಿದರು. ಮೈಲೂರಿಗೆ ದಿನಾ. ಸಾಯಗಾಂವಕ್ಕೆ ದಿನಾ. ಔರಾದಿನ ಆ ಓಣಿಯ ಮುಂದೆ 'ಈಗಿರುವಂತೆ' ಎಂದಿತ್ತು. ಅಂದರೆ ನಾಲ್ಕು ದಿನಕ್ಕೊಮ್ಮೆ.

"ಸರ್, ಕಡಿಮಿ ಬಳಸೋರಿಗಿ ಕಡಿಮಿ ಕೊಡೋದೇನ್ರಿ?" ಎಂದು ಕೇಳಿದೆ.

"ಬೇಕಿಲ್ಲದ ಕಡಿ ದಿನಾ ಬಿಟ್ಟು ಗಟಾರಕ್ಕ ಹರಸೋದೇನ್ರಿ? ಅಂಕಿ ನಿಮ್ದೇ ಅದ."

ಅಂಕಿ ನನ್ನದೇ ಇತ್ತು. ನಾನು ಬಾಯಿಂದ ಕೊಟ್ಟ ಮಾತನ್ನು ನನ್ನ ಪೆನ್ಸಿಲ್ಲೇ ಕಸಿದುಕೊಂಡಿತ್ತು. ಪಟ್ಟಿಗೆ ಸಹಿ ಬೀಳಲು ಇನ್ನೂ ಹತ್ತು ದಿನವಿತ್ತು. ಸಾಹೇಬರು ಸಮಾಧಾನಕ್ಕೆಂಬಂತೆ ಇನ್ನೊಂದು ಕೆಲಸ ಕೊಟ್ಟರು. "ಆ ಓಣ್ಯಾಗಿನ ಒಂದು ಮನಿ ಮಾದರಿ ಮನಿ ಅಂತ ತೋರಸೋಣ. ಒಬ್ಬೊಬ್ಬರದೂ ಬ್ಯಾರೆ ಬ್ಯಾರೆ ಅಳತಿ ತಗೊಂಡು ಬರ್ರಿ."

ಮರುದಿನ ಐದಕ್ಕೇ ಆಯಿಯ ಮನೆ ಮುಟ್ಟಿದೆವು. ಪಟ್ಟಿಯ ಸುದ್ದಿ ಹೇಳುವ ಧೈರ್ಯ ನನಗಾಗಲಿಲ್ಲ. ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಟ್ಟರು. ಒಬ್ಬೊಬ್ಬರ ಜಳಕ ಮುಗಿದಾಗಲೂ ಆಯಿ ಒಳಗೆ ಹೋಗಿ ಏನೋ ಸರಿಮಾಡಿ, "ಈಗ ಬಾರವ್ವಾ, ನೋಡು" ಎಂದು ಕರೆಯುತ್ತಿದ್ದರು. ನಾನು ಹೋಗಿ ಕಡ್ಡಿ ಇಳಿಸುತ್ತಿದ್ದೆ. ಮಗನದು ಒಂಬತ್ತೂವರೆ ಲೀಟರ್. ಮಕ್ಕಳದು, ಸೊಸೆಯದು ಸುಮಾರು ಅಷ್ಟಷ್ಟೇ. ಕೊನೆಗೆ ಆಯಿ ಹೋದರು. ಬೇಗನೆ ಹೊರಬಂದು, ಒದ್ದೆ ಕೂದಲಿಗೆ ಪಂಚೆ ಸುತ್ತಿಕೊಳ್ಳುತ್ತ ಕರೆದರು. ಹೋಗಿ ಕಡ್ಡಿ ಇಳಿಸಿದೆ.

ನೀರು ಎಂಟು ಲೀಟರ್ ಏರಿತ್ತು.

ಕಡ್ಡಿ ಒರೆಸಿ ಮತ್ತೆ ಇಳಿಸಿದೆ. ಎಂಟೇ. ಜಳಕ ಮಾಡಿದ ಮೇಲೆ ಹಂಡೆಯಲ್ಲಿ ನೀರು ಹೆಚ್ಚಾಗುವ ಚಮತ್ಕಾರ ಯಾವ ಪುಸ್ತಕದಲ್ಲೂ ಓದಿರಲಿಲ್ಲ. "ಚಾಚಾ, ಇಲ್ಲಿ ಬರ್ರಿ! ಕಡ್ಡಿ ಮ್ಯಾಲಿನ ಬಣ್ಣ ಸರದದ!" ಎಂದು ಕೂಗಿದೆ.

ಚಾಚಾ ಬಂದು ಬಗ್ಗಿ ನೋಡಿದರು. ಹಂಡೆಯ ಪಕ್ಕ ಒದ್ದೆಯಾಗಿ ಬೋರಲು ಇಟ್ಟಿದ್ದ ಹಿತ್ತಾಳೆಯ ಕೊಡ ನೋಡಿದರು. "ಬಣ್ಣ ಸರದಿಲ್ಲ ಬೇಟಿ. ನೀರು ಬಂದದ," ಎಂದರು.

"ಆಯಿ, ಹಂಡ್ಯಾಗ ನೀರು ಹಾಕಿದ್ರೇನ್ರಿ?"

"ಒಂದು ಕೊಡ ಹಾಕಿದೆ. ಮತ್ತ? ಹಂಡಿ ಹಂಗೇ ಬಿಟ್ಟು ಬರ್ತಾರೇನು? ಹಿಂದಿನವರಿಗಿ ಬ್ಯಾಡೇನು?"

"ಎಲ್ಲಾರೂ ಹಾಕ್ತೀರಾ?"

"ಎಲ್ಲಾರದೂ ಒಂದೊಂದು ಕೊಡ. ಮಗ ತಂದು ತನ್ನ ಕೊಡ ತಾ ಹಾಕ್ತಾನ. ಸೊಸಿಗಿ ಭಾರ ಎತ್ತಬ್ಯಾಡ ಅಂತ ಡಾಕ್ಟರ್ ಬಾಯಿ ಹೇಳ್ಯಾರ. ಹುಡುಗುರು ಸಣ್ಣವು. ಅವರದೂ ನಂದೂ ನಾ ಹಾಕ್ತೀನಿ."

"ಅಯ್ಯೋ ಆಯಿ, ಇಷ್ಟು ದಿನ ಯಾಕ ಹೇಳಲಿಲ್ರಿ?"

ಆಯಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ನೀ ಏನು ಕೇಳ್ದಿ? ಎಷ್ಟು ತಗೋತೀರಿ ಅಂತ ಕೇಳ್ದಿ. ಎಷ್ಟು ಹಾಕ್ತೀರಿ ಅಂತ ಕೇಳ್ದೇನು? ಮತ್ತ ಹಂಡಿ ಅರ್ಧ ಇದ್ದಾಗ ಮನಿಗಿ ಬಂದವರಿಗಿ ತೋರಸ್ತಾರೇನವ್ವಾ?"

ನಾನು ಜಳಕದ ಕಲ್ಲಿನ ಮೇಲೆಯೇ ಕುಳಿತೆ. ಸೀರೆ ನೆನೆದದ್ದೂ ತಿಳಿಯಲಿಲ್ಲ. ಈ ಪದ್ಧತಿ ನನಗೆ ಗೊತ್ತಿರಲಿಲ್ಲವೇ? ಸಾಯಗಾಂವದಲ್ಲಿ ಮೋಟಾರು ಬರುವ ಮುಂಚೆ ನಮ್ಮ ಬಚ್ಚಲಿನಲ್ಲೂ ಇಂಥದೇ ಹಂಡೆ ಇತ್ತು. ಒಂದು ಕೊಡ ಹಾಕದೆ ಹೊರಬಂದರೆ ನಮ್ಮವ್ವ ಒದ್ದೆ ಜಡೆ ಹಿಡಿದು ಒಳಗೆ ಅಟ್ಟುತ್ತಿದ್ದಳು: "ಹಿಂದ ಬರೋರು ನಿನ್ನ ವೈರಿಗಳೇನು?" ಹದಿನೆಂಟು ವರ್ಷ ನಾನೂ ಹಾಕಿದ್ದೇನೆ. ಆಮೇಲೆ ಮೈಲೂರಿನ ಮನೆ, ಗೀಸರು, ತಿರುಪು ತಿರುವಿದರೆ ಬಿಸಿನೀರು. ಹಿಂದೆ ಬರುವವರ ನೆನಪೇ ಅಳಿಸಿಹೋಗಿತ್ತು. ಹೊರಗಿನವರು ಯಾರಾದರೂ ಈ ತಪ್ಪು ಮಾಡಿದ್ದರೆ ಮಾಫಿ ಇತ್ತು. ನಾನು ಮಾಡಿದೆನಲ್ಲ ಎಂದು ಬಹಳ ನಾಚಿಕೆಯಾಯಿತು.

ಅಲ್ಲೇ ಕುಳಿತು ಲೆಕ್ಕ ತಿರುವಿ ಹಾಕಿದೆ. ಕೊಡಕ್ಕೆ ಹನ್ನೆರಡು ಲೀಟರ್, ಐದು ಕೊಡಕ್ಕೆ ಅರವತ್ತು. ಇಳಿದ ಮೂವತ್ತು ಸೇರಿಸಿದರೆ ಆ ಮನೆಯ ಜಳಕ ತೊಂಬತ್ತು ಲೀಟರ್. ನಾನು ಬರೆದದ್ದು ಅದರ ಮೂರರಲ್ಲಿ ಒಂದು ಪಾಲು. ಆದರೆ ಆಯಿಯ ಪಾಲು ಮಾತ್ರ ಹೊಂದಲಿಲ್ಲ. ಹನ್ನೆರಡು ಹಾಕಿದಾಗ ಎಂಟು ಏರಿದೆ ಎಂದರೆ ಅವರು ತೆಗೆದುಕೊಂಡದ್ದು ನಾಲ್ಕೇ ಲೀಟರ್.

ಬಾಗಿಲಲ್ಲಿ ನಿಂತಿದ್ದ ಸೊಸೆ ದನಿ ತಗ್ಗಿಸಿ ಹೇಳಿದಳು. "ಆಯಿ ನಾಕೇ ತಂಬಗಿ ಹಾಕೋತಾರ್ರಿ ಅಕ್ಕಾ. ನಾವೆಲ್ಲ ಇಪ್ಪತ್ತು, ಇಪ್ಪತ್ನಾಕು ಹಾಕೋತೀವಿ. ನಿಮ್ಮಂಗ ನಾನೂ ಹೊರಗ ನಿಂತು ಎಣಸೀನಿ. ಬೈದ್ರೂ ಕೇಳಂಗಿಲ್ಲ."

"ಮುದುಕಿ ಮೈಗಿ ಎಷ್ಟು ಬೇಕು?" ಎಂದು ಆಯಿ ಮಾತು ಹಾರಿಸಿದರು. "ಹೊರೋದು ನಾ. ಹೊತ್ತ ಮ್ಯಾಲ ಹಾಕೊಳ್ಳಾಕ ಮನಸ್ಸು ಬರಂಗಿಲ್ಲ."

ಬಸ್ಸು ಹತ್ತಿ ಕುಳಿತ ಮೇಲೆ, "ವರದಿ ವಾಪಸ್ ತಗೋತೀನಿ ಚಾಚಾ" ಎಂದೆ.

"ಮೂವತ್ತೂ ಮನಿ ಮತ್ತ ಅಳಿಯೋದಾ?"

"ಮೂವತ್ತೂ."

"ನಾ ಅವತ್ತೇ ಹೇಳಿದ್ದೆ, ಕೋಳಿ ಸೈತ..."

"ಹೇಳಿದ್ರಿ. ಈಗ ಸುಮ್ಮ ಕುಂದರ್ರಿ." ಚಾಚಾ ಗಡ್ಡದಲ್ಲೇ ನಗುತ್ತ ಕಿಟಕಿಯ ಕಡೆ ತಿರುಗಿದರು.

ಸಾಹೇಬರ ಮುಖ ಈ ಸಲ ಅರಳಲಿಲ್ಲ. "ಒಮ್ಮಿ ಕೊಟ್ಟ ಅಂಕಿ ವಾಪಸ್ ತಗೊಂಡ್ರ ಉಳಿದ ಎರಡೂ ಊರಿನ ಅಂಕಿ ಮ್ಯಾಲ ಮಂದಿ ಬೆರಳು ಮಾಡ್ತಾರ. ತಪ್ಪು ಯಾರದು ಅಂತ ಲಿಖಿತದಾಗ ಬರೀಬೇಕಾಗ್ತದ. ಮುಂದಿನ ಕೆಲಸಕ್ಕ ನಿಮ್ಮ ಹೆಸರು ತಗೊಳ್ಳೂದು ಕಠಿಣ ಆಗ್ತದ. ನೋಡ್ರಿ, ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಹೆದರಿಕೆಯಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಓಣಿಯವರಿಗಂತೂ ತಮ್ಮ ನೀರು ಕಡಿಮೆ ಬರೆದಿದ್ದಾರೆ ಎಂಬುದೇ ಗೊತ್ತಿಲ್ಲ. ಆದರೆ ಸೆರಗು ಬಿಗಿದ ಆ ನಡು ಕಣ್ಣೆದುರು ಬಂತು. "ಸರ್, ಹಾಸಿಗಿ ಇದ್ದಷ್ಟು ಕಾಲು ಚಾಚ್ಯಾರ ಅವರು. ನಾವು ಮಡಚಿದ ಕಾಲು ನೋಡಿ ಹಾಸಿಗಿ ಕತ್ತರಸ್ಲತ್ತೀವಿ," ಎಂದು ಕಾಗದ ತೆಗೆದುಕೊಂಡು ಅಲ್ಲೇ ಬರೆದೆ: 'ಅಳತೆಯ ವಿಧಾನ ನನ್ನದು. ತಪ್ಪೂ ನನ್ನದು.' ಸಾಹೇಬರು ಅದನ್ನು ಎರಡು ಸಲ ಓದಿ, "ಏಳು ದಿನ" ಎಂದರು.

ಏಳು ದಿನದಲ್ಲಿ ಮೂವತ್ತು ಬಚ್ಚಲು. ಕಿವಿಯೂ ಸಾಲದು, ಕಡ್ಡಿಯೂ ಸಾಲದು. ಒಳಗೆ ಹಾಕಿದ ಕೊಡಗಳನ್ನು ಎಣಿಸುವವರು ಆಯಾ ಮನೆಯವರೇ ಆಗಬೇಕು. ಉಪಾಯ ಹೇಳಿದವಳು ಸೊಸೆ. ಹಂಡೆಯ ಪಕ್ಕ ಒಂದು ಬಟ್ಟಲು, ಒಂದು ಕೊಡ ಹಾಕಿದರೆ ಬಟ್ಟಲಿಗೆ ಒಂದು ಹುಣಸೆಬೀಜ. ನಾವು ಪ್ರತಿ ಮನೆಯ ಕೊಡವನ್ನು ಅಳೆದೆವು. ಹಿತ್ತಾಳೆಯದು ಹನ್ನೆರಡು ಲೀಟರ್, ಪ್ಲಾಸ್ಟಿಕ್ಕಿನದು ಹದಿನೈದು. ಕಡ್ಡಿಯಲ್ಲಿ ಇಳಿದದ್ದಕ್ಕೆ ಬೀಜದ ಲೆಕ್ಕ ಕೂಡಿಸಿದರೆ ಜಳಕದ ನೀರು.

ಕೇಳಲು ಸುಲಭ. ಮೊದಲ ದಿನವೇ ನಾಲ್ಕು ಮನೆಯ ಬಟ್ಟಲು ಖಾಲಿ. ಹುಡುಗರು ಬೀಜ ಒಡೆದು ಚೌಕಾಬಾರಾ ಆಡುತ್ತಿದ್ದರು! ಇನ್ನೊಂದು ಮನೆಯಲ್ಲಿ ಒಬ್ಬ ಅಜ್ಜ, ನೀರು ಹೆಚ್ಚಿಗೆ ಬರಲಿ ಎಂಬ ಆಸೆಯಿಂದ, ಯಾರೂ ಇಲ್ಲದಾಗ ಒಂದು ಹಿಡಿ ಬೀಜ ಸುರಿದಿದ್ದರು. ಎಣಿಸಿದರೆ ನಲವತ್ತೊಂದು.

"ಕಾಕಾ, ನಲವತ್ತೊಂದು ಕೊಡ ಹಾಕಿದ್ರ ನೀವು ಈಗ ಬಚ್ಚಲದಾಗ ಈಸು ಬೀಳ್ತಿದ್ರಿ," ಎಂದರು ಚಾಚಾ.

ಅಜ್ಜ ನಾಚಿ, "ಅಷ್ಟು ಕಮ್ಮಿ ಮಾಡ್ಕೋರಿ ಮತ್ತ" ಎಂದರು. ನಾನು ಆ ಮನೆಯನ್ನೇ ಲೆಕ್ಕದಿಂದ ಬಿಟ್ಟೆ. ಯಾಕೆ ಬಿಟ್ಟೆ ಎಂದೂ ಬರೆದೆ. ಒಮ್ಮೆ ಕೈ ಸುಟ್ಟುಕೊಂಡವಳು, ಈ ಸಲ ಪ್ರೀತಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆ. ಹೊರಗೆ ಬಂದು ಮತ್ತೆ ಎತ್ತಿಕೊಳ್ಳುತ್ತಿದ್ದೆ, ಅದು ಬೇರೆ ಮಾತು.

ಏಳನೆಯ ದಿನ ಸಂಜೆ ಲೆಕ್ಕ ಮುಗಿಯಿತು. ತಲೆಗೆ ಹದಿನೆಂಟು, ಹತ್ತೊಂಬತ್ತು ಲೀಟರ್. ಸಾಹೇಬರು ಒಂದೊಂದೇ ಹಾಳೆ ತಿರುವಿದರು. ಮನೆಯಲ್ಲಿ ನೀರು ಹಾಕುವವರು ಯಾರು ಎಂಬ ಹೊಸ ಕಾಲಂ ಹಾಕಿದ್ದೆ. ಬಹುತೇಕ ಮನೆಗಳಲ್ಲಿ ಅತ್ತೆ, ಇಲ್ಲವೇ ಸೊಸೆ. ಮನೆಯವರನ್ನು ಕೇಳಿ ಒಬ್ಬೊಬ್ಬರ ತಂಬಿಗೆ ಎಣಿಸಿದರೆ, ಹಾಗೆ ಹೊರುವವರ ಜಳಕವೇ ಎಲ್ಲರಿಗಿಂತ ಕಡಿಮೆ. ಆ ಹಾಳೆಯ ಮೇಲೆ ಅವರು ಬೆರಳಿಟ್ಟರು. "ನಮ್ಮ ಮನ್ಯಾಗೂ ಹಂಗೇ ಇತ್ರಿ. ನಮ್ಮವ್ವ ಹಾಕ್ತಿದ್ಳು," ಎಂದು, 'ಈಗಿರುವಂತೆ' ಎಂಬುದನ್ನು ಹೊಡೆದು 'ದಿನಾ' ಎಂದು ಬರೆದರು. ನನ್ನ ತಪ್ಪೊಪ್ಪಿಗೆಯ ಕಾಗದ ಫೈಲಿನಲ್ಲೇ ಉಳಿಯಿತು. ಮುಂದಿನ ಎರಡು ಕೆಲಸಗಳಿಗೆ ಅವರು ನನ್ನನ್ನು ಕರೆಯಲಿಲ್ಲ.

ಆದರೆ ಕೂಸು ನಮ್ಮ ಕಚೇರಿಗಿಂತ ಚುರುಕು. ದಿನಾ ನೀರು ಶುರುವಾಗುವ ಹನ್ನೆರಡು ದಿನ ಮುಂಚೆಯೇ ಹುಟ್ಟಿತು. ಹೆಣ್ಣುಕೂಸು. ಆ ಹನ್ನೆರಡು ದಿನ ಬಾಣಂತಿಗೆ ಎರೆಯಲು ಓಣಿಯ ಹೆಂಗಸರು ಮನೆಗೊಂದು ಕೊಡದಂತೆ ತಂದು ಹಾಕಿದರೆಂದು ಫೋನಿನಲ್ಲಿ ತಿಳಿಯಿತು. ಕೊಟ್ಟ ಮಾತು ಹನ್ನೆರಡು ದಿನ ತಡವಾಯಿತಲ್ಲ ಎಂದು ಪೇಚಾಡಿದೆ. ನನ್ನ ಗಂಡ ಈ ಸಲ ನಗಲಿಲ್ಲ. "ಹೋಗಿ ನೋಡ್ಕೊಂಡು ಬಾ," ಎಂದ.

ನೀರು ಶುರುವಾಗಿ ತಿಂಗಳಾದ ಮೇಲೆ ಬಳಕೆ ಎಷ್ಟು ಬದಲಾಯಿತು ಎಂದು ನೋಡುವುದು ಇದೇ ಸರ್ವೇಯ ಕೊನೆಯ ಭಾಗ. ಬೆಳಿಗ್ಗೆ ಆರಕ್ಕೆ ಹೋದೆವು. ಅಂಗಳದಲ್ಲಿ ನಲ್ಲಿ ಸುರಿಯುತ್ತಿತ್ತು. ಚಾಚಾ ಕೂಸನ್ನು ಎತ್ತಿಕೊಂಡು ಅದರೊಡನೆ ಉರ್ದುವಿನಲ್ಲಿ ಮಾತಿಗಿಳಿದರು. ನನ್ನನ್ನು ನೋಡಿ ಆಯಿ, "ನಂದೇ ಮೊದಲು ಆಗಲಿ, ಆಮ್ಯಾಲ ಕೂಸಿಗಿ ಎರೀತೀನಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಹೊರಗೆ ಕಟ್ಟೆಯ ಮೇಲೆ ಪೆನ್ಸಿಲ್ ಹಿಡಿದು ಕುಳಿತೆ. ಧಡ್. ಒಂದು. ಎರಡು. ಮೂರು. ನಾಲ್ಕು. ನಾಲ್ಕಾದ ಮೇಲೆ ಚಿಲಕದ ಸದ್ದಿಗೆ ಕಾದೆ. ಕೇಳಿದ್ದು ಐದನೆಯ ತಂಬಿಗೆ. ಸೊಸೆ ನನ್ನ ಕಡೆ ನೋಡಿದಳು. ಆರು. ಏಳು. ಹತ್ತಾಯಿತು, ಹದಿನೈದಾಯಿತು. ಹತ್ತೊಂಬತ್ತಕ್ಕೆ ಮಗ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದು ಬಾಗಿಲು ಬಡಿದ.

"ಆಯಿ, ಕಮಲನಗರಕ್ಕ ಹೋಗೋದದ. ಹೊತ್ತಾಯ್ತು, ಲಗೂ ಬಾ!"

ಒಳಗೆ ನೀರಿನ ಸದ್ದು ಒಂದು ಕ್ಷಣ ನಿಂತಿತು.

"ನಿಂದ್ರು," ಎಂದರು ಆಯಿ. "ನಂದು ಇನ್ನಾ ಆಗಿಲ್ಲ."

ಧಡ್. ನಾನು ಇಪ್ಪತ್ತು ಎಂದು ಬರೆದುಕೊಂಡೆ.